ಉಗ್ರಾಣಕ್ಕೆ ಹೋದವಳು

ದೆವ್ವದ ಸಿನಿಮಾ ನೋಡುವಾಗ ನನಗೆ ದೆವ್ವದ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ. ಪಾಪ, ಅದು ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ನನಗೆ ಮೈ ಉರಿಯುವುದು ಕಥೆ ಬರೆದವರ ಮೇಲೆ. ನಾಯಕನನ್ನು ಬಂಗಲೆಯ ತನಕ ಕರೆತಂದ ಡ್ರೈವರ್ 'ಏನೋ ಸದ್ದಾಯ್ತು, ನೋಡ್ಕೊಂಡು ಬರ್ತೀನಿ ಸಾರ್' ಎಂದು ಮರಗಳ ಕಡೆ ಹೋಗುತ್ತಾನೆ. ಹೋದವನು ಹೋದ. ಕೊನೆಯಲ್ಲಿ ನಾಯಕ ಅದೇ ಕಾರನ್ನು ತಾನೇ ಓಡಿಸಿಕೊಂಡು ಹೊರಡುತ್ತಾನೆ; ಪಕ್ಕದಲ್ಲಿ ನಾಯಕಿ, ಹಿಂದಿನ ಸೀಟಿನಲ್ಲಿ ನಾಯಿ. ನಾಯಿ ಕೂಡ ಬದುಕಿದೆ! ಡ್ರೈವರ್ ಸತ್ತನೋ, ಹೆದರಿ ಓಡಿಹೋದನೋ, ಇನ್ನೂ ಆ ಮರದ ಬುಡದಲ್ಲೇ ನಿಂತಿದ್ದಾನೋ, ಒಂದು ನರಪಿಳ್ಳೆಯೂ ಕೇಳುವುದಿಲ್ಲ. ಟಾರ್ಚು ಹಿಡಿದು ಮಹಡಿ ಹತ್ತಿದ ವಾಚ್‌ಮನ್, ಬಾವಿಯೊಳಗೆ ಇಣುಕಿದ ಹಾಲಿನವನು, ಫೋಟೋದಲ್ಲಿ ಏನನ್ನೋ ಕಂಡು ಬೆವರಿದ ಸ್ಟುಡಿಯೋ ಮುದುಕ, ಎಲ್ಲರದೂ ಇದೇ ಗತಿ.

ನನಗೆ ಇವರ ಚಿಂತೆ ಯಾಕೆಂದರೆ, ಹೀಗೆ ಮಾಯವಾಗುವ ಹೆಂಗಸರಲ್ಲಿ ಅರ್ಧ ಜನರಿಗೆ ದನಿ ಕೊಟ್ಟವಳು ನಾನು. ಹದಿನೈದು ವರ್ಷದಿಂದ ಡಬ್ಬಿಂಗ್ ಮಾಡುತ್ತಿದ್ದೇನೆ. ಜೆ.ಪಿ. ನಗರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಸ್ಟುಡಿಯೋ. ಅಲ್ಲಿ ಪರದೆಯ ಮುಂದೆ ನಿಂತು ಬೇರೆಯವರ ತುಟಿಗೆ ನನ್ನ ಮಾತು ಕೂಡಿಸುವುದು ನನ್ನ ಕೆಲಸ. ನಾಯಕಿಯರಿಗೆ ದನಿ ಕೊಡುವ ಭಾಗ್ಯ ನನ್ನದಲ್ಲ. ನರ್ಸು, ಪಕ್ಕದ ಮನೆಯಾಕೆ, ಹೂ ಮಾರುವವಳು, ಮದುವೆ ಮನೆಯ ಗುಂಪು. ಕಿರುಚುವುದರಲ್ಲಂತೂ ನನ್ನನ್ನು ಮೀರಿಸುವವರಿಲ್ಲ. ಪ್ರತಿ ಸಲವೂ ಕೇಳುತ್ತೇನೆ, "ಸಾರ್, ಇವಳು ಆಮೇಲೆ ಏನಾಗ್ತಾಳೆ?" ಪ್ರತಿ ಸಲವೂ ಒಂದೇ ಉತ್ತರ: "ನೀವು ಕಿರುಚಿ ಮೇಡಂ, ಸಾಕು." ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನಾನು 'ಮತ್ತು ಇತರರು'. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸ್ಟುಡಿಯೋದಲ್ಲಿ ಎಲ್ಲರೂ ಹೇಳುತ್ತಾರೆ. ಸುಮ್ಮಸುಮ್ಮನೆ ಬಂದ ಸಿಟ್ಟಲ್ಲ ಅದು.

ನಮ್ಮ ಮನೆ ಸುದ್ದಗುಂಟೆಪಾಳ್ಯದಲ್ಲಿ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ. ಕೆಳಗೆ ನಾನು, ಮೇಲೆ ಬಾಡಿಗೆಯವರು. ಎರಡನೇ ಮಹಡಿಯಲ್ಲಿ ಗದಗದ ಕಡೆಯಿಂದ ಬಂದ ಒಬ್ಬ ಹೆಂಗಸು ತನ್ನ ಆರು ವರ್ಷದ ಮಗಳ ಜೊತೆ ಇದ್ದಾಳೆ. ಗಂಡ ಲಾರಿಯಲ್ಲಿ ದೇಶ ಸುತ್ತುವವನು, ಯಾವಾಗಲೋ ಒಮ್ಮೆ ಬಂದು ಹೋಗುತ್ತಾನೆ. ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಎತ್ತರದ ಆಳು, ಅಗಲ ಹಣೆ, ನೋಡಿದರೆ ಇನ್ನೊಮ್ಮೆ ನೋಡಬೇಕೆನಿಸುವ ಮುಖ. ಹೋದ ವರ್ಷ ನನಗೆ ಪರಿಚಯದ ಒಬ್ಬ ನಿರ್ದೇಶಕರು ದೆವ್ವದ ಸಿನಿಮಾ ಶುರು ಮಾಡಿ, "ಅಡಿಗೆಯವಳ ಪಾತ್ರಕ್ಕೆ ಒಳ್ಳೇ ಮುಖ ಬೇಕು ಮೇಡಂ, ಹೊಸಬರು ಯಾರಾದ್ರೂ ಇದಾರಾ?" ಎಂದಾಗ ಇವಳ ಫೋಟೋ ಕಳಿಸಿದವಳು ನಾನೇ. ಅಂದರೆ ಮುಂದೆ ಆದದ್ದಕ್ಕೆಲ್ಲ ಮೊದಲ ಕಾರಣ ನಾನು.

ಜಯನಗರದ ಒಂದು ಹಳೆಯ ಮನೆಯಲ್ಲಿ ಶೂಟಿಂಗ್. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಹಗಲನ್ನೇ ರಾತ್ರಿ ಮಾಡಿದ್ದರು. ಅವಳಿಗೆ ಹನ್ನೊಂದು ಮಾತು. ಸಾಹೇಬರ ಮನೆಗೆ ದಿನಾ ಬಂದು ಅಡಿಗೆ ಮಾಡುವ ಹೆಂಗಸು. ಒಂದು ದಿನ ಸಾರಿಗೆ ಹುಣಸೆಹಣ್ಣು ತರಲು ಉಗ್ರಾಣಕ್ಕೆ ಹೋಗುತ್ತಾಳೆ. ಒಳಗೆ ಏನೋ ಸರಿದಂತಾಗುತ್ತದೆ. "ಯಾರದು?" ಎನ್ನುತ್ತಾಳೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಮುಗಿಯಿತು ಎಂದು ಹೇಳುವವರೂ ಇಲ್ಲ.

"ಮಾತು ನಿಮಗೆ ಹೆಂಗೆ ಬರುತ್ತೋ ಹಂಗೆ ಹೇಳಿ ಅಮ್ಮಾ, ಡಬ್ಬಿಂಗಲ್ಲಿ ಬದಲಾಯಿಸ್ತೀವಿ" ಎಂದು ನಿರ್ದೇಶಕರು ಅವಳಿಗೆ ಮೊದಲೇ ಹೇಳಿಬಿಟ್ಟಿದ್ದರು. ಅವಳ ಮುಖ ಬೇಕು, ಗದಗದ ಮಾತು ಬೇಡ. ದನಿ ನನ್ನದು. ನನಗೆ ಒಳಗೊಳಗೇ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಹನ್ನೊಂದು ಮಾತಿನ ಪಾತ್ರ ನನಗೆ ಸಿಕ್ಕಿದ್ದು ಅದೇ ಮೊದಲು. ಈ ಸಲ ನಿಮ್ಮ ಹೆಸರು ಪರದೆ ಮೇಲೆ ಬರುತ್ತದೆ ಎಂದು ಅವರು ಮಾತು ಕೊಟ್ಟಿದ್ದರು.

ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಲಿ ಎಂದು ಆ ಉಗ್ರಾಣದ ತುಣುಕನ್ನು ನನ್ನ ಫೋನಿಗೆ ಕಳಿಸಿದರು. ನಾನು ಸುಮ್ಮನಿರಬೇಕಿತ್ತು. ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ತಾಯಿ ಬಟ್ಟೆ ಒಣಗಿಸುತ್ತಿದ್ದಳು, ಮಗಳು ಕ್ಲಿಪ್ಪುಗಳನ್ನು ಎತ್ತಿಕೊಡುತ್ತಿದ್ದಳು. "ಬಾರೇ, ನಿಮ್ಮವ್ವ ಸಿನಿಮಾದಲ್ಲಿ ಹೆಂಗೆ ಕಾಣ್ತಾಳೆ ನೋಡು" ಎಂದು ಆ ಮಗುವನ್ನು ಕರೆದು ಫೋನು ತೋರಿಸಿದೆ. ಅವಳು ಕಣ್ಣು ಪಿಳುಕಿಸದೆ ನೋಡಿದಳು. ಅವ್ವ ಉಗ್ರಾಣಕ್ಕೆ ಹೋದಳು. ಅವ್ವ "ಯಾರದು?" ಎಂದಳು. ಬಾಗಿಲು ಮುಚ್ಚಿತು.

"ಆಮ್ಯಾಲೆ?" ಎಂದಳು ಮಗು.

"ಆಮೇಲೆ ಅಷ್ಟೇ" ಎಂದೆ ನಾನು.

ಹದಿನೈದು ವರ್ಷದಿಂದ ನಿರ್ದೇಶಕರು ನನಗೆ ಹೇಳಿದ್ದನ್ನೇ ನಾನು ಆರು ವರ್ಷದ ಮಗುವಿಗೆ ಹೇಳಿದ್ದೆ. ಅದು ನನಗೆ ಆಗ ಹೊಳೆಯಲೂ ಇಲ್ಲ.

ಎರಡು ದಿನದ ಮೇಲೆ ತಾಯಿ ಕೆಳಗಿಳಿದು ಬಂದಳು. ಮುಖ ಬಾಡಿತ್ತು.

"ಅಕ್ಕಾರ, ಹುಡುಗಿ ನನ್ನ ಕೈಯಾಗಿಂದ ಉಣವಲ್ಲದ್ರಿ" ಎಂದಳು. "ತುತ್ತು ಮಾಡಿ ಹಿಡದ್ರ ಬಾಯಿ ಮುಚ್ಕೋತೈತಿ. ಮುಂಜಾನೆ ಏಳೂದಕ್ಕ ನನ್ನ ಪಾದ ನೋಡತೈತ್ರಿ."

"ಪಾದ ಯಾಕೆ?"

"ದೆವ್ವದ್ದು ಪಾದ ಹಿಂದ್ಮುಂದ ಇರ್ತಾವಂತ್ರಿ. ಸಾಲ್ಯಾಗ ಯಾರೋ ಹೇಳ್ಯಾರ. 'ಕ್ವಾಣ್ಯಾಗ ಹೋದಾಕಿ ಹೊರಗ ಹೆಂಗ ಬಂದಿ?' ಅಂತ ನನ್ನನ್ನ ಕೇಳತೈತಿ."

ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನಾನೂ ನಿಲ್ಲಿಸಿದೆ. ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ಅವ್ವ ಒಳಗೆ ಹೋದದ್ದನ್ನು ಅದು ಕಣ್ಣಾರೆ ನೋಡಿದೆ, ಹೊರಗೆ ಬಂದದ್ದನ್ನು ನೋಡಿಲ್ಲ. ಹಾಗಾದರೆ ಈಗ ಮನೆಯಲ್ಲಿ ಅನ್ನ ಕಲಸುತ್ತಿರುವವಳು ಯಾರು? 'ಕಟ್ ಅಂದ್ರು, ಬಂದೆ' ಎಂದು ತಾಯಿ ಎಷ್ಟು ಹೇಳಿದರೂ ಅದು ನಂಬಲಿಲ್ಲ. ದೆವ್ವವೂ ಹಾಗೇ ಹೇಳುತ್ತದಲ್ಲವೇ?

ಒಂದು ವಾರ ಆ ಮಗು ನನ್ನ ಮನೆಯಲ್ಲೇ ಉಂಡಿತು. ನಾನು ಕಲಸಿದ ಮೊಸರನ್ನ ಗಬಗಬ ತಿನ್ನುತ್ತಿತ್ತು. ತಾಯಿ ಬಾಗಿಲಿನಾಚೆ ಮೆಟ್ಟಿಲ ಮೇಲೆ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಬಂದರೆ ಮಗು ತಿನ್ನುವುದನ್ನು ನಿಲ್ಲಿಸುತ್ತದೆ ಎಂದು ಅವಳು ಒಳಗೆ ಬರುತ್ತಿರಲಿಲ್ಲ. ಇಷ್ಟಕ್ಕೂ ಆ ಬಾಗಿಲನ್ನು ಆ ಮಗುವಿನ ಮುಂದೆ ಮುಚ್ಚಿದವಳು ನಾನು. ತೆರೆಸುವವಳೂ ನಾನೇ ಆಗಬೇಕು ಎಂದು ನಿರ್ಧಾರ ಮಾಡಿದೆ.

ಡಬ್ಬಿಂಗ್ ಶುರುವಾದ ದಿನ ಪರದೆಯ ಮುಂದೆ ನಿಂತವಳೇ ಕೇಳಿದೆ.

"ಸಾರ್, ಅಡಿಗೆಯವಳು ಏನಾದ್ಲು?"

ನಿರ್ದೇಶಕರು ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರೇ. ಆದರೆ ಈ ಪ್ರಶ್ನೆ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. "ಮೇಡಂ, ಅದನ್ನ ಜನಕ್ಕೇ ಬಿಟ್ಟಿದೀವಿ. ಅವರು ಊಹೆ ಮಾಡ್ಕೋತಾರೆ."

"ಆಯ್ತು ಸಾರ್. ಉಗ್ರಾಣದ ಸೀನ್ ಆದ್ಮೇಲೆ ಮನೆಯವರೆಲ್ಲ ಕೂತು ಊಟ ಮಾಡ್ತಾರಲ್ಲ. ಆ ಅಡಿಗೆ ಯಾರು ಮಾಡಿದ್ದು?"

ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ತಲೆ ತಗ್ಗಿಸಿ ನಗುವುದು ಕಾಣುತ್ತಿತ್ತು.

"ಸಾರು ಬೇರೆ ಬಡಿಸ್ಕೋತಾರೆ ಸಾರ್. ಹುಣಸೆಹಣ್ಣು ಎಲ್ಲಿಂದ ಬಂತು?"

"ಪಿಕ್ಚರ್ ಲಾಕ್ ಆಗಿದೆ ಮೇಡಂ. ಒಂದು ಶಾಟನ್ನೂ ಸೇರಿಸೋ ಹಾಗಿಲ್ಲ."

ಶಾಟು ಬೇಕಾಗಿಯೇ ಇರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಉಪಾಯವಿದೆ. ಪಾತ್ರದ ಬಾಯಿ ಕಾಣದ ಕಡೆ, ಬೆನ್ನು ತಿರುಗಿಸಿದಾಗ, ದೂರದಲ್ಲಿದ್ದಾಗ, ಬಾಗಿಲ ಹಿಂದಿದ್ದಾಗ, ಯಾವ ಮಾತನ್ನು ಬೇಕಾದರೂ ತುಂಬಬಹುದು. ತುಟಿ ಇಲ್ಲದ ಮೇಲೆ ಕೂಡಿಸುವ ಗೋಜಿಲ್ಲ. ಕಥೆಯಲ್ಲಿ ತೂತು ಬಿದ್ದಾಗ ದೊಡ್ಡ ದೊಡ್ಡವರೂ ಹೀಗೇ ತೇಪೆ ಹಾಕುತ್ತಾರೆ. ನಾನು ಅಂಥ ಜಾಗವೊಂದನ್ನು ಹುಡುಕಿಟ್ಟುಕೊಂಡೇ ಬಂದಿದ್ದೆ. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಹಿತ್ತಲ ಗೇಟು ಗಾಳಿಗೆ ಹೊಡೆದುಕೊಳ್ಳುತ್ತದೆ. ಐದು ಸೆಕೆಂಡು ಬರೀ ಗೇಟು. ಆಮೇಲೆ ಉಯ್ಯಾಲೆಯ ಮೇಲೆ ಕೂತ ಯಜಮಾನಿ ಬೆಚ್ಚಿ ತಿರುಗುತ್ತಾಳೆ.

"ಗೇಟಿನ ಮೇಲೆ ಅವಳ ಒಂದು ಮಾತು ಹಾಕೋಣ ಸಾರ್. ಹೆದರಿ ಕೆಲಸ ಬಿಟ್ಟು ಹೋದ್ಲು ಅಂತ ಆಗತ್ತೆ."

"ಜನ ನಕ್ಕುಬಿಡ್ತಾರೆ."

"ನಗಲಿ. ನಗ್ತಾ ಇದ್ದೋರನ್ನ ಹೆದರಿಸಿದ್ರೆ ಇನ್ನೂ ಜಾಸ್ತಿ ಹೆದರ್ತಾರೆ ಸಾರ್."

ಈ ಮಾತು ಅವರಿಗೆ ನಾಟಿತು. ಒಪ್ಪಿದರು. ಅವಳು ಹೊರಗೆ ಬಂದದ್ದು ಹೇಗೆ ಎಂಬುದೂ ನನಗೆ ಗೊತ್ತಿತ್ತು; ಆ ಮನೆಯ ಉಗ್ರಾಣಕ್ಕೆ ಹಿತ್ತಲ ಕಡೆ ಇನ್ನೊಂದು ಬಾಗಿಲಿದೆ, ಶೂಟಿಂಗ್ ದಿನ ಕಟ್ ಎಂದ ಮೇಲೆ ಅವಳು ನಿಜವಾಗಿ ಹೊರಗೆ ಬಂದದ್ದೂ ಅಲ್ಲಿಂದಲೇ. "ಅಮ್ಮಾ, ನಾನು ಹಿತ್ತಲ ಬಾಗ್ಲಿಂದ ಹೊರಟೆ! ನಾಳೆಯಿಂದ ಬರಲ್ಲ!" ಎಂದು ಒಂದೇ ಟೇಕಿನಲ್ಲಿ ಮುಗಿಸಿದೆ. ಎಂಜಿನಿಯರು ಹೆಬ್ಬೆರಳು ತೋರಿಸಿದರು. ಹದಿನೈದು ವರ್ಷದಲ್ಲಿ ಮೊದಲ ಸಲ ಒಬ್ಬಳನ್ನು ಬದುಕಿಸಿದ್ದೆ. ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು ಆಟೋದಲ್ಲಿ ದಾರಿಯುದ್ದಕ್ಕೂ ನಾನೇ ನಾಲ್ಕು ಸಲ ಕೇಳಿದೆ.

ಮನೆಗೆ ಬಂದವಳೇ ಮಗುವನ್ನು ಕೂರಿಸಿಕೊಂಡು ತೋರಿಸಿದೆ. ತಾಯಿಯೂ ಬಾಗಿಲಲ್ಲಿ ನಿಂತು ಕಾದಳು. ಗೇಟು ಹೊಡೆದುಕೊಂಡಿತು, ನನ್ನ ದನಿ ಬಂತು. ಮಗುವಿನ ಮುಖ ಬಿಳಿಚಿಕೊಂಡಿತು.

"ಇದು ಅವ್ವ ಅಲ್ಲ" ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, "ಆ ಕ್ವಾಣಿ ಒಳಗಿಂದು ಅದು. ಅವ್ವನ ಹಂಗ ಮಾತಾಡಾಕ ಕಲ್ತೈತಿ."

ಡಬ್ಬಿಂಗ್ ಮಾಡುವವಳು ಮಾತ್ರ ಮಾಡಬಲ್ಲ ತಪ್ಪು ಅದು. ಯಾರ ಬಾಯಿಗೆ ಯಾರ ದನಿ ಕೂಡಿಸಿದರೂ ನಡೆಯುತ್ತದೆ ಎಂದು ನಂಬಿಯೇ ನಾನು ಬದುಕಿದ್ದು. ಆ ಮಗುವಿಗೆ ಅವ್ವನ ದನಿ ಅಂದರೆ ಒಂದೇ. ಬೇರೆ ದನಿಯಲ್ಲಿ ಮಾತಾಡುವ ಅವ್ವನಿಗೆ ಪ್ರಪಂಚದ ಎಲ್ಲ ಮಕ್ಕಳೂ ಒಂದೇ ಹೆಸರು ಇಡುತ್ತವೆ. ನಾನು ಬಾಗಿಲು ತೆಗೆಯಲು ಹೋಗಿ ಇನ್ನೊಂದು ಚಿಲಕ ಹಾಕಿದ್ದೆ. ಬಾಗಿಲಲ್ಲಿ ನಿಂತಿದ್ದವಳು ಮೇಲೆ ಹೋದಳು.

ಆವತ್ತು ಸಂಜೆಯೆಲ್ಲ ನನ್ನ ಜೊತೆ ನಾನೇ ಜಗಳವಾಡಿದೆ. ಆ ಒಂದು ಮಾತನ್ನು ಮಾತ್ರ ಅವಳಿಂದ ಹೇಳಿಸಿದರೆ ಆಗುವುದಿಲ್ಲ. ಹನ್ನೊಂದು ಮಾತು ಒಂದು ದನಿ, ಗೇಟಿನದು ಇನ್ನೊಂದು ದನಿ ಆಗುತ್ತದೆ. ಪಾತ್ರವನ್ನು ಪೂರ್ತಿ ಬಿಟ್ಟುಕೊಡಬೇಕು. ನನ್ನ ಹೆಸರು ಪರದೆಯ ಮೇಲೆ ಬರುವ ಒಂದೇ ಒಂದು ಅವಕಾಶ. ಸತ್ಯ ಹೇಳುತ್ತೇನೆ, ನನಗೆ ತುಂಬ ಸಂಕಟವಾಯಿತು, ಅತ್ತೆ ಕೂಡ. ಆಮೇಲೆ ಮಗು ತಟ್ಟೆ ಹಿಡಿದುಕೊಂಡು "ಆಂಟಿ, ಅನ್ನ" ಎಂದು ಬಂತು. ಅದರ ಹಿಂದೆ ಮೆಟ್ಟಿಲ ಮೇಲೆ ತಾಯಿ ಕೂತ ಸದ್ದು ಕೇಳಿಸಿತು. ಇನ್ನು ಯೋಚಿಸುವುದು ಏನೂ ಉಳಿಯಲಿಲ್ಲ.

ಮರುದಿನ ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದೆ. ಬಿಡುಗಡೆಗೆ ಮುಂಚೆ ತುಣುಕನ್ನು ಊರಿಗೆಲ್ಲ ತೋರಿಸಿದ್ದೀರಾ ಎಂದು ಅವರು ಮೊದಲು ಸರಿಯಾಗಿ ಬೈದರು. ಬೈಸಿಕೊಂಡೆ. ಇನ್ನು ಮುಂದೆ ನನ್ನ ಫೋನಿಗೆ ಒಂದು ಚೂರೂ ಸಿಗುವುದಿಲ್ಲ ಎಂದರು. ಆಯಿತು ಎಂದೆ.

"ಆದ್ರೆ ಮೇಡಂ, ಬೆಂಗಳೂರಿನ ಮನೇಲಿ ಅಡಿಗೆಯವಳು ಗದಗದ ಭಾಷೆ ಮಾತಾಡಿದ್ರೆ ಹೆಂಗೆ?"

"ಒಂದು ದಿನ ನಮ್ಮ ಮನೆ ಕಡೆ, ಬಿಟಿಎಂ ಲೇಔಟಿಗೆ ಬನ್ನಿ ಸಾರ್. ಯಾವ ಮನೇಲಿ ಯಾರು ಅಡಿಗೆ ಮಾಡ್ತಾರೆ, ಯಾವ ಭಾಷೇಲಿ ಮಾಡ್ತಾರೆ ತೋರಿಸ್ತೀನಿ."

"ನಿಮ್ಮ ಹೆಸರು ಹೋಗತ್ತೆ, ಗೊತ್ತಲ್ಲ?" ಎಂದರು.

"ಗೊತ್ತು ಸಾರ್" ಎಂದೆ.

ಭಾನುವಾರ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಇಸ್ತ್ರಿ ಸೀರೆ ಉಟ್ಟು, ಪರೀಕ್ಷೆಗೆ ಬಂದವಳ ಹಾಗೆ ಬೆವರುತ್ತಿದ್ದಳು. ಆಶ್ಚರ್ಯವೆಂದರೆ, ನನಗೆ ಎಷ್ಟು ಒದ್ದಾಡಿದರೂ ಸರಿಯಾಗಿ ಕೂಡದ ತುಟಿ ಅವಳಿಗೆ ತಕ್ಷಣ ಕೂಡಿತು. ಕೂಡದೆ ಏನು! ಅವಳದೇ ತುಟಿ, ಅವಳದೇ ಮಾತು. ನಾನು ಹಿಂದೆ ನಿಂತು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಬೆನ್ನ ಮೇಲೆ ಬೆರಳು ತಟ್ಟಿ ಹೇಳುತ್ತಿದ್ದೆ. ಹನ್ನೊಂದೂ ಮಾತು ಊಟದ ಹೊತ್ತಿಗೆ ಮುಗಿದವು. ಗೇಟಿನ ಮಾತು ಮಾತ್ರ ಬರಲಿಲ್ಲ. ಮೈಕಿನ ಮುಂದೆ ಅವಳ ದನಿ ದೇವರ ಮುಂದೆ ಬೇಡಿಕೊಂಡಷ್ಟು ಮೆಲ್ಲಗಿತ್ತು. ಆರು ಟೇಕು ಹೋಯಿತು. ಎಂಜಿನಿಯರು ಗಡಿಯಾರ ನೋಡಿಕೊಳ್ಳತೊಡಗಿದರು.

"ಏ, ಇಲ್ಲಿ ಕೇಳು" ಎಂದೆ. "ಫ್ಯಾಕ್ಟರೀಲಿ ಅಷ್ಟು ಮಿಷಿನ್ ಸದ್ದಲ್ಲಿ ಆ ತುದೀಲಿ ಕೂತಿರೋರನ್ನ ಹೆಂಗೆ ಕರೀತೀಯ? ಹಂಗೆ ಕರಿ."

"ಹಂಗ ಕರದ್ರ ನಿಮ್ಮ ಮಿಷಿನ್ ಒಡೀತೈತ್ರಿ ಅಕ್ಕಾರ."

"ಒಡೀಲಿ ಕರಿ."

ಕರೆದಳು ನೋಡಿ! ಎಂಜಿನಿಯರು ಹೆಡ್‌ಫೋನ್ ಕಿತ್ತು ಬಿಸಾಕಿದರು. ಮೈಕನ್ನು ಅಷ್ಟು ದೂರ ಸರಿಸಿ ಮತ್ತೆ ಹೇಳಿಸಿದೆವು. "ಅವ್ವಾರ, ನಾ ಹಿತ್ತಲ ಬಾಗಲದಿಂದ ಹೊಂಟೆರಿ! ನಾಳಿಂದ ಬರಂಗಿಲ್ಲ! ನಿಮ್ಮ ಮನ್ಯಾಗ ಏನೋ ಐತಿ!" ಕೊನೆಯ ಮಾತು ಯಾರೂ ಬರೆದುಕೊಟ್ಟದ್ದಲ್ಲ, ಅವಳೇ ಸೇರಿಸಿದ್ದು. ಅದು ಐದು ಸೆಕೆಂಡು ದಾಟಿ ಯಜಮಾನಿಯ ಮುಖದ ಮೇಲೆ ಬಿತ್ತು, ಸರಿಯಾಗಿ ಅವಳು ಬೆಚ್ಚಿ ತಿರುಗುವ ಹೊತ್ತಿಗೆ. ಯಜಮಾನಿ ಬೆಚ್ಚಿದ್ದೇ ಈ ಮಾತು ಕೇಳಿ ಅನ್ನುವ ಹಾಗಾಯಿತು. ನಿರ್ದೇಶಕರು ತೊಡೆ ತಟ್ಟಿಕೊಂಡು ನಕ್ಕರು. ಚಪ್ಪಲಿ ಎಳೆದುಕೊಂಡು ಓಡುವ ಸದ್ದನ್ನೂ ಎಂಜಿನಿಯರು ಪುಕ್ಕಟೆಯಾಗಿ ಸೇರಿಸಿದರು.

ಬಿಡುಗಡೆಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರವೂ ಮಗು ನನ್ನ ಮನೆಯಲ್ಲೇ ಉಂಡಿತು. ತಾಯಿ ಸೊರಗಿದಳು. ಬಿಡುಗಡೆಯ ದಿನ ರಜೆ ಹಾಕಿಸಿ, ಬನಶಂಕರಿಯ ಕಡೆಯ ಒಂದು ಥಿಯೇಟರಿಗೆ ಬೆಳಗಿನ ಆಟಕ್ಕೆ ಇಬ್ಬರನ್ನೂ ಕರೆದುಕೊಂಡು ಹೊರಟೆ. ಹೆದರಿದ ಮಗುವನ್ನು ಅದೇ ದೆವ್ವದ ಸಿನಿಮಾಕ್ಕೆ ಬುದ್ಧಿ ಇರುವವರು ಯಾರೂ ಕರೆದೊಯ್ಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ಆ ಮಗುವಿಗೆ ಬೇಕಾಗಿದ್ದು ಸಮಾಧಾನದ ಮಾತಲ್ಲ, ಸಾಕ್ಷಿ. "ಬರ್ತೀಯಾ?" ಎಂದು ಕೇಳಿದ್ದಕ್ಕೆ ಅದು ತುಂಬ ಹೊತ್ತು ಯೋಚಿಸಿ "ನೋಡ್ತೀನಿ" ಎಂದಿತ್ತು. ಥಿಯೇಟರಿನಲ್ಲಿ ನನ್ನ ತೊಡೆಯ ಮೇಲೆ ಕೂತಿತು. ಪಕ್ಕದ ಸೀಟಿನಲ್ಲಿ ತಾಯಿ ಕೈ ಮಡಿಚಿಕೊಂಡು ಕೂತಳು.

ಉಗ್ರಾಣದ ಬಾಗಿಲು ಮುಚ್ಚಿದಾಗ ಮಗು ನನ್ನ ಕೈಗೆ ಉಗುರು ನಾಟಿಸಿತು. ಮುಂದಿನ ಅರ್ಧ ಗಂಟೆ ಅದು ಏನನ್ನು ನೋಡಿತೋ ನನಗೆ ತಿಳಿಯದು, ನಾನಂತೂ ಏನನ್ನೂ ನೋಡಲಿಲ್ಲ. ಬರೀ ಗೇಟಿಗಾಗಿ ಕಾಯುತ್ತಿದ್ದೆ. ಕೊನೆಗೆ ಗಾಳಿ ಎದ್ದಿತು. ಗೇಟು ಹೊಡೆದುಕೊಂಡಿತು. ಬೊಮ್ಮನಹಳ್ಳಿಯ ಮಿಷಿನ್ನುಗಳ ಸದ್ದನ್ನು ಸೀಳಿಕೊಂಡು ಹೋಗುವ ಆ ದನಿ ಥಿಯೇಟರಿನ ನಾಲ್ಕೂ ಮೂಲೆಯಿಂದ ಬಂತು: "ಅವ್ವಾರ, ನಾ ಹಿತ್ತಲ ಬಾಗಲದಿಂದ ಹೊಂಟೆರಿ!"

ಜನ ಹೋ ಎಂದು ನಕ್ಕರು. "ನಿಮ್ಮ ಮನ್ಯಾಗ ಏನೋ ಐತಿ" ಎಂದದ್ದೇ ತಡ, ಶಿಳ್ಳೆ, ಚಪ್ಪಾಳೆ. ಹಿಂದಿನ ಸಾಲಿನಿಂದ ಯಾರೋ "ಅಕ್ಕ ಸಖತ್ ಗುರು! ಇವಳೊಬ್ಳಿಗೇ ಬುದ್ಧಿ ಇರೋದು!" ಎಂದು ಕೂಗಿದ. ಮಗು ನನ್ನ ತೊಡೆಯ ಮೇಲೆ ಎದ್ದು ನಿಂತು, ಅಷ್ಟು ಗದ್ದಲದಲ್ಲೂ ಎಲ್ಲರಿಗೂ ಕೇಳುವಂತೆ ಕಿರುಚಿತು: "ಬಂದ್ಲು! ನಮ್ಮವ್ವ ಹೊರಗ ಬಂದ್ಲು!" ಮತ್ತೆ ಚಪ್ಪಾಳೆ. ಇಡೀ ಸಾಲು ತಿರುಗಿ ಪಕ್ಕದಲ್ಲಿ ಕೂತಿದ್ದ ತಾಯಿಯನ್ನು ನೋಡಿ ಗುರುತು ಹಿಡಿಯಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗು ಸೀಟಿನ ಕೈ ದಾಟಿ ಅವಳ ಮಡಿಲಿಗೆ ಹೋಗಿ ಬಿತ್ತು.

ಮಧ್ಯಂತರದ ದೀಪ ಹತ್ತಿದಾಗ ಮಗು ಹೇಳಿತು, "ನಡೀ ಹೋಗೂಣು."

"ಇನ್ನೂ ಅರ್ಧ ಇದೆಯಲ್ಲೇ" ಎಂದೆ ನಾನು.

"ಅವ್ವ ಮನೀಗೆ ಹೋದ್ಲಲ್ಲ ಆಂಟಿ, ಮುಗೀತು."

ಉಳಿದ ಅರ್ಧದಲ್ಲಿ ನನ್ನ ಮೂರು ಕಿರುಚಾಟಗಳಿದ್ದವು. ಇರಲಿ ಬಿಡಿ ಎಂದು ಎದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಎದುರಿನ ದರ್ಶಿನಿ ಹೋಟೆಲಿಗೆ ಹೋಗಿ, ನಿಂತು ತಿನ್ನುವ ಮೇಜೊಂದರ ಮೇಲೆ ಮಗುವನ್ನು ಕೂರಿಸಿ ಒಂದು ಪ್ಲೇಟ್ ಇಡ್ಲಿ ತಂದಿಟ್ಟೆ. ಅಭ್ಯಾಸ ಬಲದಿಂದ ನಾನೇ ಇಡ್ಲಿಗೆ ಕೈ ಹಾಕಿದವಳು ನಿಲ್ಲಿಸಿದೆ. ತಾಯಿ ನನ್ನ ಮುಖ ನೋಡಿದಳು. ಹೆದರುತ್ತ ಹೆದರುತ್ತ ಒಂದು ಚೂರು ಮುರಿದು ಚಟ್ನಿಯಲ್ಲಿ ಅದ್ದಿ ಹಿಡಿದಳು.

ಮಗು ರಸ್ತೆಯ ಕಡೆ ನೋಡುತ್ತಲೇ ಬಾಯಿ ತೆರೆಯಿತು. ಅಗಿಯಿತು. ನುಂಗಿತು. ಮತ್ತೆ ಬಾಯಿ ತೆರೆಯಿತು. ತಾಯಿ ಅಳುತ್ತಿದ್ದಾಳೆ ಎಂಬುದನ್ನೂ ಗಮನಿಸದೆ, ತುತ್ತು ತಡವಾಯಿತೆಂದು ಅವಳ ಕೈಯನ್ನೇ ಹಿಡಿದು ಬಾಯಿಗೆ ಎಳೆದುಕೊಂಡಿತು. ಪ್ಲೇಟು ಖಾಲಿಯಾಯಿತು. ಇನ್ನೊಂದು ಪ್ಲೇಟ್ ತರಲು ನಾನು ಕೌಂಟರಿಗೆ ಓಡಿದೆ.